ಶಟರಿನ ಒಳಹಿಡಿ

ಗಣಪತಿ ಹಬ್ಬ, ಈದ್ ಮಿಲಾದ್ ಹತ್ತಿರವಾದರೆ ಶಿವಮೊಗ್ಗದ ಗಾಂಧಿ ಬಜಾರಿನವರಿಗೆಲ್ಲ ಶಟರ್ ರಿಪೇರಿಯ ಇಲಿಯಾಸ್ ಸಾಬರ ನೆನಪಾಗುತ್ತದೆ; ಮೆರವಣಿಗೆಯಲ್ಲಿ ಗಲಾಟೆಯೆದ್ದರೆ ಶಟರ್ ಸರ್ರನೆ ಇಳಿಯಬೇಕಲ್ಲ. ಸಾಬರು ತಗಡಿಗೆ ಕಿವಿಯಿಟ್ಟು, ಡಾಕ್ಟರರ ಗತ್ತಿನಲ್ಲಿ "ಕೆಮ್ಮು ಜಾಸ್ತಿಯಾಗಿದೆ" ಎಂದು ಗ್ರೀಸ್ ಬಳಿಯುತ್ತಾರೆ. ಹಳೆಯ ಕಲ್ಲೇಟಿನ ತಗ್ಗುಗಳನ್ನು ಸವರಿ, "ಇದು ನಿಮ್ಮೋರು ಹೊಡೆದಿದ್ದು, ಇದು ನಮ್ಮೋರು, ಸ್ಪ್ರಿಂಗಿಗೆ ಎರಡೂ ಒಂದೇ ಮಾರಾಯ" ಎಂದು ನಗುತ್ತಾರೆ. ಭದ್ರಾವತಿಯಿಂದ ಕರೆ ಬಂದರೆ ಗ್ರೀಸ್ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಹೋಗುತ್ತಾರೆ. ಎಲ್ಲಿ ಹೋದರೂ, ಯಾರೂ ಕೇಳದಿದ್ದರೂ, ಶಟರಿನ ಒಳಮಗ್ಗುಲಿಗೆ ಒಂದು ಕಬ್ಬಿಣದ ಹಿಡಿ ಕೂರಿಸದೆ ಬರುವವರಲ್ಲ. "ಒಳಗ್ಯಾಕೆ ಹಿಡಿ ಸಾಬ್ರೇ? ನಾವು ಶಟರ್ ಎಳೆಯೋದು ಹೊರಗಿಂದ ಅಲ್ವಾ?" ಎಂದು ಹೊಸ ಬಳೆ ಅಂಗಡಿಯ ತನುಜಾ ಕೇಳಿದಳು. ಸಾಬರು ಎದುರಿನ ಜವಳಿ ಅಂಗಡಿ ತೋರಿಸಿ ಹೇಳಿದರು: ಹಿಂದೊಂದು ಗಲಾಟೆಯ ದಿನ ಅದರ ಯಜಮಾನ ಉಜ್ಜನಪ್ಪನವರು ಸಾಬರನ್ನು ಬೀದಿಯಿಂದ ಒಳಗೆ ಎಳೆದುಕೊಂಡಿದ್ದರು. ಒಳಗಿನಿಂದ ಜಗ್ಗಲು ಹಿಡಿಯಿಲ್ಲದೆ ಶಟರ್ ನೆಲದಿಂದ ಗೇಣು ಮೇಲೆಯೇ ನಿಂತಾಗ, ಸಾಬರು ಹೊರಗೆ ಕಾಣದಂತೆ ಉಜ್ಜನಪ್ಪನವರೇ ಆ ಸಂದಿಗೆ ಅಡ್ಡಲಾಗಿ ಸಂಜೆಯವರೆಗೆ ಮಲಗಿದ್ದರು. "ಪಾಪ, ಯಜಮಾನರಿಗೆ ಇವತ್ತಿಗೂ ಸೊಂಟ ನೋವು ತಾಯಿ. ನಾಳೆ ನೀವು ಯಾರನ್ನಾದ್ರೂ ಒಳಗೆ ಕರ್ಕೊಂಡ್ರೆ ಮಲಗೋ ಕಷ್ಟ ಬೇಡ," ಎಂದು ಸಾಬರು ಸ್ಕ್ರೂ ಬಿಗಿಸಿದರು.