ದ್ರಾಕ್ಷಿಯ ವಿಭೂತಿ

ಮೂರು ದಿನದ ರಜೆಯನ್ನು ನಾನು ಅಚ್ಚುಕಟ್ಟಾಗಿ ಹಂಚಿದ್ದೆ. ಒಂದು ದಿನ ಬೆಂಗಳೂರು, ಒಂದು ದಿನ ನಂದಿಬೆಟ್ಟದ ಕಡೆಯ ದ್ರಾಕ್ಷಿ ತೋಟ, ವೈನ್ ಫ್ಯಾಕ್ಟರಿ. ಕೊನೆಯ ದಿನ ನಮ್ಮ ಮೈಸೂರನ್ನೇ ಪ್ರವಾಸಿಗರ ಹಾಗೆ ಸುತ್ತುವುದು, ಅರಮನೆಯಿಂದ ಶುರುಮಾಡಿ. ನಜರ್‌ಬಾದಿನ ಹಣ್ಣಿನಂಗಡಿಯಲ್ಲಿ ಮೂವತ್ತು ವರ್ಷ ಕೂತ ಅಮ್ಮನಿಗೆ ಅರಮನೆಯೂ ಹೊಸದೇ.

ತೋಟ ಮಾತ್ರ ಅವಳೇ ಕೇಳಿದ್ದು. ಅದಕ್ಕೊಂದು ಕಾರಣವಿತ್ತು. ಕಪ್ಪು ದ್ರಾಕ್ಷಿಯ ಮೇಲೆ ಬಿಳಿ ಪುಡಿ ಬಳಿದಂತಿರುತ್ತದಲ್ಲ, ಅಮ್ಮ ಅದನ್ನು ವಿಭೂತಿ ಅನ್ನುತ್ತಿದ್ದಳು. ಅದು ಅಳಿಸಿದರೆ ಹಣ್ಣು ಹಳೆಯದೆಂದು ಗಿರಾಕಿ ಮುಖ ತಿರುಗಿಸುತ್ತಾನೆ. ಹಾಗಾಗಿ ಗೊಂಚಲನ್ನು ತೊಟ್ಟಿನಲ್ಲೇ ಎತ್ತಬೇಕು, ನೀರು ತಾಕಿಸಕೂಡದು. ಮನೆಯಲ್ಲಿ ನಾವು ತಿಂದದ್ದೆಲ್ಲ ಬುಟ್ಟಿಯ ತಳದಲ್ಲಿ ಉದುರಿ, ಉಜ್ಜಿ, ಬೋಳಾದ ಹಣ್ಣು. ಅಮ್ಮ ತಿಂದದ್ದೂ ಅದನ್ನೇ. "ಇದು ಗಿಡಕ್ಕೆ ಹೊಡೆದ ಔಷಧಿನಾ?" ಎಂದು ಯಾರಾದರೂ ಕೇಳಿದರೆ ಮಾತ್ರ ಸಿಡಿಯುತ್ತಿದ್ದಳು. "ಹುಟ್ಟಿನಿಂದ ಬಂದಿದ್ದು ಕಣ್ರೀ! ತೊಳೀದೇ ತಿನ್ನಿ, ಏನೂ ಆಗಲ್ಲ."

ತೊಂಬತ್ತರ ದಶಕದಲ್ಲಿ ಒಮ್ಮೆ ನಮ್ಮೂರಿನದೇ ಉದಯಗಿರಿ ಬಡಾವಣೆಯ ಮೆಕ್ಯಾನಿಕ್ ಒಬ್ಬರ ಹೆಂಡತಿ ಆ ಮಾತು ನಂಬಿ ಹಾಗೇ ತಿನ್ನಿಸಿದರು. ಅವರ ಪುಟ್ಟ ಮಗಳಿಗೆ ಎರಡು ದಿನ ವಾಂತಿ. ಆಕೆ ಅಂಗಡಿ ಮುಂದೆ ನಿಂತು, "ನನ್ನ ಮಗೀಗೆ ಔಷಧಿ ತಿನ್ನಿಸಿಬುಟ್ರಲ್ಲ!" ಎಂದು ಅತ್ತರು. ಅಮ್ಮ ಸೋಲಲಿಲ್ಲ, ಬೀದಿಗೆಲ್ಲ ಕೇಳುವಂತೆ ವಾದಿಸಿದಳು. ಮಗು ಹುಷಾರಾಯಿತು. ಆಕೆ ಮತ್ತೆ ನಮ್ಮ ಅಂಗಡಿ ಮೆಟ್ಟಲಿಲ್ಲ. ಅಂದು ಮನೆಗೆ ಬಂದು ಲಿಂಗಪೂಜೆಗೆ ಕೂತ ಅಮ್ಮ, "ನಾನೇನು ಆ ಗಿಡ ಕಂಡಿದ್ದೀನಾ?" ಎಂದಳು. ಆ ಪ್ರಶ್ನೆ ಹತ್ತು ವರ್ಷ ಅವಳನ್ನು ಬಿಡಲಿಲ್ಲ.

ಬೆಂಗಳೂರಿನಲ್ಲಿ ದೊಡ್ಡ ಅಂಗಡಿಯೊಂದಕ್ಕೆ ಕರೆದೊಯ್ದೆ. "ಶಿವನೇ, ಹಣ್ಣಿಗೂ ಏಸಿ ಹಾಕವ್ರಲ್ಲೇ!" ಎಂದು ಕಣ್ಣರಳಿಸಿದಳು. ಓಡುವ ಮೆಟ್ಟಿಲಿಗೆ ಕೈಮುಗಿದು, ಹತ್ತಲಾರೆ ಎಂದು ನಿಂತೇಬಿಟ್ಟಳು. ಹಿಂದೆ ಸಾಲುಗಟ್ಟಿದ ಜನರನ್ನು ನೋಡಿ ನನಗೆ ರೇಗಿಹೋಯಿತು.

ಮರುದಿನ ಫ್ಯಾಕ್ಟರಿಯ ಬಾಗಿಲಲ್ಲಿ ಸೆರಗಿನಿಂದ ಮೂಗು ಮುಚ್ಚಿದಳು. ಕೊರಳಲ್ಲಿ ಲಿಂಗ, ಎದುರಿಗೆ ಹೆಂಡ! ಆದರೆ ಮನೆಯೆತ್ತರದ ಉಕ್ಕಿನ ತೊಟ್ಟಿಗಳನ್ನೂ ಬೆಟ್ಟದಂತೆ ಸುರಿದ ದ್ರಾಕ್ಷಿಯನ್ನೂ ಕಂಡದ್ದೇ ಸೆರಗು ತಾನಾಗಿ ಜಾರಿತು. "ಅಬ್ಬಬ್ಬಾ" ಬಿಟ್ಟು ಅವಳಿಗೆ ಬೇರೆ ಮಾತೇ ಇಲ್ಲ.

ತೋಟದ ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ಮದುವೆ ಚಪ್ಪರದಂತೆ ತಲೆಯ ಮೇಲೆಲ್ಲ ಬಳ್ಳಿ, ಕಣ್ಣು ಹಾಯುವಷ್ಟು ದೂರ ತೂಗುವ ಕಪ್ಪು ಗೊಂಚಲು. ಯಾರೂ ಮುಟ್ಟದ ಒಂದೊಂದು ಹಣ್ಣಿನ ಮೇಲೂ ಬಿಳಿ. ನನಗೂ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಅಮ್ಮ ಮೆಲ್ಲನೆ ಮೇಸ್ತ್ರಿಯನ್ನು ಕೇಳಿದಳು. "ಇದು ಔಷಧಿನೇನಪ್ಪಾ?"

"ಅಲ್ಲ ಕಣಮ್ಮ. ಕಾಯಿ ಬಣ್ಣ ತಿರುಗ್ತಿದ್ದಂಗೆ ತಾನಾಗೇ ಬರುತ್ತೆ." ಅಮ್ಮನ ಮುಖ ಅರಳಿತು. ಅಷ್ಟರಲ್ಲಿ ಅವನು ನೀಲಿ ಕಲೆಯ ಎಲೆಯೊಂದನ್ನು ತೋರಿಸಿದ. "ಔಷಧಿ ಅಂದ್ರೆ ಇದು. ಹೊಡೀದಿದ್ರೆ ಬೆಳೆನೇ ಇಲ್ಲ. ತೊಳೆದೇ ತಿನ್ಬೇಕು ಕಣಮ್ಮ."

ಅಮ್ಮ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು.

ಮೂರನೆಯ ದಿನ ಬೆಳಗ್ಗೆ ನಾನು ಅರಮನೆಗೆ ಹೊರಟು ನಿಂತರೆ, "ಅರಮನೆ ಎಲ್ಲೂ ಓಡೋಗಲ್ಲ, ಉದಯಗಿರಿಗೆ ನಡಿ" ಎಂದಳು. ಮಾಯ್ದ ಗಾಯ ಯಾಕೆ ಕೆರೀತೀಯ ಎಂದು ಕೂಗಾಡಿದೆ. ಕೇಳುತ್ತಾಳೆಯೇ? ತೋಟದಿಂದ ತಂದಿದ್ದ ಗೊಂಚಲನ್ನು ಪೇಪರಿನಲ್ಲಿ ಸುತ್ತಿ, ಆಟೋದಲ್ಲಿ ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡಳು.

ಮೆಕ್ಯಾನಿಕ್ ಮನೆ ಕೇಳುತ್ತ ಹೋದೆವು. ಬಾಗಿಲು ತೆಗೆದದ್ದು ಆ ಮಗಳೇ. ಕಾಲೇಜಿಗೆ ಹೊರಟಿದ್ದಳು. ಹಿಂದೆಯೇ ಬಂದ ತಾಯಿ ಅಮ್ಮನನ್ನು ಗುರುತಿಸಿ ಬಿಗಿಯಾದರು. ಅಮ್ಮ ಹೊಸಿಲಾಚೆಯೇ ನಿಂತು ಹೇಳಿದಳು: "ಬಿಳೀದು ಔಷಧಿ ಅಲ್ಲ ಕಣಮ್ಮ, ನೋಡ್ಕೊಂಡು ಬಂದೆ. ಆದ್ರೆ ಗಿಡಕ್ಕೆ ಹೊಡೀತಾರೆ. ತೊಳೀದೇ ತಿನ್ನಿ ಅಂದಿದ್ದು ನನ್ನ ತಪ್ಪು. ಮಗೀಗೆ ಅದರಿಂದ್ಲೇ ಆಯ್ತೋ ಏನೋ, ಗೊತ್ತಿಲ್ಲ. ತಪ್ಪು ಮಾತ್ರ ನಂದೇ."

ಆಕೆ ಬಾಗಿಲಿನಿಂದ ಸರಿದು ದಾರಿ ಬಿಟ್ಟರು. ನಮ್ಮನ್ನು ಒಳಗೆ ಕೂರಿಸಿ, ಬೇಸಿನ್ನಿನಲ್ಲಿ ನೀರು ತಂದು, ಗೊಂಚಲನ್ನು ಮೂರು ಸಲ ಅದ್ದಿದರು. ತಡೆಯಲು ಚಾಚಿದ ಅಮ್ಮನ ಕೈ ನಡುವೆಯೇ ನಿಂತಿತು. ಹಣ್ಣು ಒದ್ದೆಯಾಗಿ ಕಪ್ಪಗೆ ಹೊಳೆಯಿತು, ತಟ್ಟೆಗೆ ಬಂತು. ಮೇಲೆ ಫ್ಯಾನು ತಿರುಗುತ್ತಿತ್ತು. ನೀರು ಆರುತ್ತಿದ್ದಂತೆ ಒಂದೊಂದೇ ಹಣ್ಣಿನ ಮೇಲೆ ಬಿಳುಪು ಮತ್ತೆ ಕಾಣಿಸಿತು.

"ಅಯ್ಯೋ ಶಿವನೇ, ಹೋಗ್ಲೇ ಇಲ್ವಲ್ಲೇ!" ಅಮ್ಮ ನನ್ನ ಕೈ ಹಿಡಿದು ಅತ್ತಳು. "ತೊಳೀಬಹುದಿತ್ತಲ್ಲೇ ಅಷ್ಟು ವರ್ಷಾನೂ!"

ಆಕೆ ತಟ್ಟೆಯನ್ನು ಅಮ್ಮನ ಮುಂದಕ್ಕೆ ತಳ್ಳಿದರು. "ಮೊದ್ಲು ನೀವು ತಿನ್ನಿ."

ಮೂವತ್ತು ವರ್ಷ ದ್ರಾಕ್ಷಿ ಮಾರಿದ ಅಮ್ಮ ಗೊಂಚಲಿನಿಂದ ಕಿತ್ತು ತಿಂದ ಮೊದಲ ಹಣ್ಣು ಅದು.