ಗೌನಿನ ಹಿಂಬದಿ

ಉಸ್ಸೆಂದು ಒಂದು ನಿಟ್ಟುಸಿರು, ಆಮೇಲೆ ಧಪ್ಪೆಂದು ಒಂದು ಏಟು. ಕೆಳಗಿನ ಇಸ್ತ್ರಿ ಅಂಗಡಿಯ ಆವಿಯಂತ್ರ ಇಡೀ ದಿನ ಹೀಗೇ, ಯಾರದೋ ಸಂಸಾರದ ಕಷ್ಟ ಕೇಳಿದಂತೆ ಉಸಿರು ಬಿಡುತ್ತಿತ್ತು. ಮಹಡಿಯ ಮೇಲೆ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತ ಕೊಕ್ಕೆಯಮ್ಮನಿಗೆ ಅದು ಸೇರುತ್ತಿರಲಿಲ್ಲ.

"ಬಟ್ಟೆ ಉಜ್ಜೋದಕ್ಕೇ ಇಷ್ಟು ರಾಗ ಎಳೆದ್ರೆ, ಬಟ್ಟೆ ಮೇಲೆ ಹೂ ಅರಳಿಸಿದವರು ಎಷ್ಟು ಎಳೀಬೇಕು?"

"ಅರಳಿಸಿದವರು ಸುಮ್ನಿದಾರೆ. ಬಾಡಿಸಿದವರೇ ಎಳೀತಿರೋದು," ಎಂದು ಗೋಡೆಯಾಚೆಯಿಂದ ಉತ್ತರ ಬರುತ್ತಿತ್ತು.

ಗೋಡೆಯಾಚೆ ಇದ್ದವಳು ಓರಗಿತ್ತಿ. ಅಣ್ಣತಮ್ಮಂದಿರು ಮನೆಯನ್ನು ಪಾಲು ಮಾಡಿ, ನಡುವೆ ಒಂದು ತೆಳುಗೋಡೆ ಎಬ್ಬಿಸಿ, ಒಬ್ಬರ ಹಿಂದೆ ಒಬ್ಬರು ಕಣ್ಣು ಮುಚ್ಚಿದ್ದರು. ಉಳಿದಿದ್ದು ಇವರಿಬ್ಬರು ಮತ್ತು ಒಂದು ಜಗಳ.

ಆ ಜಗಳ ಹುಟ್ಟಿದ್ದು ಕಸೂತಿ ಕಾರ್ಖಾನೆಯಲ್ಲಿ. ಇಬ್ಬರೂ ಅಲ್ಲಿ ಕೊಕ್ಕೆಸೂಜಿಯ ಕೆಲಸಗಾರ್ತಿಯರು. ಹೆಸರಾಂತ ವಸ್ತ್ರವಿನ್ಯಾಸಕನೊಬ್ಬ ಒಮ್ಮೆ ಪಾದದಿಂದ ಭುಜದವರೆಗೆ ಮಣಿಬಳ್ಳಿ ಹಬ್ಬಿದ ಗೌನೊಂದರ ಚಿತ್ರ ತಂದ. ಮೂವರು ಸಿರಿವಂತೆಯರಿಗೆ ಮೂರು ಗೌನು. ಒಂದನ್ನು ಕೊಕ್ಕೆಯಮ್ಮ ಹೊಲಿದಳು, ಒಂದನ್ನು ಓರಗಿತ್ತಿ, ಇನ್ನೊಂದನ್ನು ಮೇಸ್ತ್ರಿಯೇ. ಯಾರ ಬಳ್ಳಿ ಚೆಂದ ಎಂಬುದು ಅಂದಿನಿಂದ ಇತ್ಯರ್ಥವಾಗಿರಲಿಲ್ಲ.

ಆಗುವುದಾದರೂ ಹೇಗೆ? ಆ ಕೆಲಸದ ರೀತಿಯೇ ಅಂಥದು. ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ಒಳಮೈಯನ್ನು ಮೇಲೆ ಮಾಡಿ ಕೂರಬೇಕು. ಮೇಲಿನಿಂದ ಕೊಕ್ಕೆ ಇಳಿಯುತ್ತದೆ. ಬಟ್ಟೆಯಡಿ ಇನ್ನೊಂದು ಕೈ ಮಣಿ ಒದಗಿಸುತ್ತದೆ. ಹೂವೆಲ್ಲ ಕೆಳಗೆ, ಕತ್ತಲಲ್ಲಿ ಅರಳುತ್ತದೆ. ಕೆಲಸ ಮುಗಿದದ್ದೇ ಬಟ್ಟೆಯನ್ನು ಸುರುಳಿ ಸುತ್ತಿ ಪರದೆಯಾಚೆಯ ಹೊಲಿಗೆ ಕೋಣೆಗೆ ಒಯ್ಯುತ್ತಿದ್ದರು. ತಾವು ಹೆತ್ತ ಬಳ್ಳಿಯ ಬೆನ್ನು ನೋಡಿದ್ದರೇ ಹೊರತು ಮುಖವನ್ನು ಇಬ್ಬರೂ ನೋಡಿರಲಿಲ್ಲ. ಇದರಿಂದ ಜಗಳಕ್ಕೇನೂ ಕೊರತೆಯಾಗಲಿಲ್ಲ. ನೋಡಿದ್ದರೆ ಎಂದೋ ಮುಗಿದುಹೋಗುತ್ತಿತ್ತು.

ಹೀಗಿರುವಾಗ ವಸ್ತುಸಂಗ್ರಹಾಲಯದವರು ಹುಡುಕಿಕೊಂಡು ಬಂದರು. ಮೂರೂ ಗೌನುಗಳು ಸಿಕ್ಕಿವೆ, ಹೋಲಿಸಿ ನೋಡಬೇಕು, ಅತ್ಯುತ್ತಮವಾದುದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ಕುಶಲಕರ್ಮಿಯ ಹೆಸರು ಬರೆಯಬೇಕು. ಉಳಿದವು ಉಗ್ರಾಣಕ್ಕೆ.

"ನೀನೂ ಬರ್ತೀಯೇನೇ?" ಎಂದು ಕೊಕ್ಕೆಯಮ್ಮ ಗೋಡೆಯನ್ನು ಕೇಳಿದಳು, ಬಾರದಿರಲಿ ಎಂಬ ದನಿಯಲ್ಲಿ.

"ಈ ಮೊಣಕಾಲು ಹೊತ್ಕೊಂಡು ಎಲ್ಲಿಗೆ ಬರಲಿ? ನೀನೇ ನೋಡ್ಕೊಂಡು ಬಾ. ಕಣ್ಣು ಕುಕ್ಕುತ್ತಲ್ಲ, ಅದು ನನ್ನದು."

ಸಂಗ್ರಹಾಲಯದ ಕೋಣೆ ಆಸ್ಪತ್ರೆಯ ಹಾಗೆ ತಣ್ಣಗಿತ್ತು. ಮೂರು ತಲೆಯಿಲ್ಲದ ಗೊಂಬೆಗಳ ಮೇಲೆ ಮೂರು ಗೌನು. ಬಲಗಡೆಯದನ್ನು ಯಾರೋ ಮೊಮ್ಮಗಳು ವೇಷದ ಸ್ಪರ್ಧೆಗೆಂದು ಮೊಣಕಾಲಿಗೆ ಕತ್ತರಿಸಿದ್ದಳು. ಮೇಸ್ತ್ರಿಯದೆಂದು ಮೊದಲೇ ಗೊತ್ತಾಗಿದ್ದ ಅದರ ಕತೆ ಅಲ್ಲಿಗೆ ಮುಗಿದಿತ್ತು. ಎಡಗಡೆಯದು, ನಡುವಿನದು ಉಳಿದವು. ಬಿಳಿ ಕೈಗವಸಿನ ಅಧಿಕಾರಿ, ಧ್ವನಿಮುದ್ರಣದ ಹುಡುಗಿ, ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ತಜ್ಞರು, ಮೂವರೂ ಉಸಿರು ಬಿಗಿಹಿಡಿದು ನಿಂತರು.

ಕೊಕ್ಕೆಯಮ್ಮ ಕಣ್ಣು ಕಿರಿದು ಮಾಡಿದಳು, ಹಿಗ್ಗಿಸಿದಳು. ಯಾವುದರ ಗುರುತೂ ಹತ್ತಲಿಲ್ಲ. ಮುಟ್ಟಿ ನೋಡೋಣವೆಂದು ಕೈ ಚಾಚಿದರೆ ಕೈಗವಸೊಂದು ಅಡ್ಡ ಬಂತು.

"ದಯವಿಟ್ಟು ಮುಟ್ಟಬೇಡಿ."

"ನಾನೇ ಮಾಡಿದ್ದಲ್ಲಪ್ಪಾ!"

"ಆಗ ಮುಟ್ಟಬಹುದಿತ್ತು, ಅಮ್ಮ."

ತಜ್ಞರು ಎಡಗಡೆಯ ಗೌನಿನ ಮುಂದೆ ಮೈಮರೆತಿದ್ದರು. "ಈ ಕುಡಿಗಳನ್ನು ನೋಡಿ. ಗೆರೆಯನ್ನು ಮೀರಿ ಚಾಚುತ್ತವೆ. ಇದು ಸ್ವಾತಂತ್ರ್ಯ!"

ಗೆರೆ ಮೀರಿದ ಕುಡಿ ಎಂದದ್ದೇ ಕೊಕ್ಕೆಯಮ್ಮನಿಗೆ ಜ್ಞಾನೋದಯವಾಯಿತು. ಗೆರೆ ಮೀರುವವಳು ಈ ಭೂಮಿಯ ಮೇಲೆ ಒಬ್ಬಳೇ.

"ಸ್ವಾತಂತ್ರ್ಯವೂ ಇಲ್ಲ, ಮಣ್ಣೂ ಇಲ್ಲ. ಕೈ ಸಡಿಲ, ಅಷ್ಟೇ. ಇದು ನಮ್ಮ ಓರಗಿತ್ತಿದು. ಮಾತಾಡ್ತಾ ಹೊಲೀತಿದ್ಲು, ಬಳ್ಳಿನೂ ಹರಟೆ ಹೊಡೀತಿದೆ ನೋಡಿ." ನಡುವಿನ ಗೌನಿನತ್ತ ತಿರುಗಿದಳು. ದನಿ ತಾನಾಗಿ ಮೆತ್ತಗಾಯಿತು. "ಇದು ನೋಡಿ. ಎಲೆ ಮೇಲೆ ಈಗಷ್ಟೇ ನೀರು ಬಿದ್ದು ಜಾರೋ ಹಾಗಿದೆ. ಒಂದು ಮಣಿಯೂ ಇನ್ನೊಂದನ್ನ ನೂಕಿಲ್ಲ. ಇಂಥ ಕೈ ಊರಿಗೊಂದು ಇದ್ರೆ ಹೆಚ್ಚು. ಇದನ್ನ ಮಾಡಿದವಳಿಗೆ ನಾನಾದ್ರೆ ಎದ್ದು ನಿಂತು ಕೈಮುಗೀತೀನಿ."

ತನಗೆ ತಾನೇ ಕೈಮುಗಿಯುವ ಈ ವಿನಯಕ್ಕೆ ಹುಡುಗಿ ಕಣ್ಣೊರೆಸಿಕೊಂಡಳು. "ಇದನ್ನೇ ಪೆಟ್ಟಿಗೆ ಪಕ್ಕ ಕೇಳಿಸ್ತೀವಿ, ಅಜ್ಜಿ. ಗುಂಡಿ ಒತ್ತಿದ್ರೆ ನಿಮ್ಮ ದನಿ."

ಕೊನೆಗೆ, ದಾಖಲೆಗೊಂದು ಚಿತ್ರ ಬೇಕೆಂದು, ಎರಡೂ ಗೌನುಗಳ ಅಸ್ತರಿನ ಅಂಚು ಬಿಚ್ಚಿ ಒಳಮೈಯನ್ನು ತೆರೆದರು.

ಕೊಕ್ಕೆಯಮ್ಮ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

ಎಡಗಡೆಯ ಬಟ್ಟೆಯ ಬೆನ್ನಿನ ಮೇಲೆ, ಪ್ರತಿ ದಾರದ ತುದಿಯಲ್ಲೂ, ಎಡಕ್ಕೆ ತಿರುಚಿ ಮತ್ತೆ ಹಾಕಿದ ಜೋಡಿಗಂಟು. ಹೆತ್ತ ಮಗುವಿನ ಮಚ್ಚೆಯ ಹಾಗೆ. ನಡುವಿನದರ ಬೆನ್ನಿನಲ್ಲಿ ಗಂಟೇ ಇಲ್ಲ. ದಾರಗಳು ತಮ್ಮಷ್ಟಕ್ಕೆ ಒಳಸೇರಿ ಕಾಣೆಯಾಗಿದ್ದವು. ದಾರವನ್ನು ಹಾಗೆ ಅಡಗಿಸುತ್ತಿದ್ದವಳ ಪಕ್ಕದಲ್ಲೇ ಅವಳು ಅಷ್ಟು ವರ್ಷ ಕೂತಿದ್ದಳು.

"ಖಚಿತವಾಯ್ತಲ್ಲ, ಅಮ್ಮ? ನಡುವಿನದಕ್ಕೆ ನಿಮ್ಮ ಹೆಸರು ಬರೆಸ್ತೀವಿ," ಎಂದ ಅಧಿಕಾರಿ.

ಹೂಂ ಎಂದರೆ ಮುಗಿಯಿತು. ಈ ಗಂಟುಗಳನ್ನು ಓದಬಲ್ಲ ಇನ್ನೊಬ್ಬಳ ಮೊಣಕಾಲು ಇಷ್ಟು ದೂರ ಬರುವುದಿಲ್ಲ. ಹೂಂ ಎನ್ನಲು ಕೊಕ್ಕೆಯಮ್ಮ ಬಾಯಿಯನ್ನೂ ತೆರೆದಳು. ಅಷ್ಟರಲ್ಲಿ ಹುಡುಗಿ ಎಡಗಡೆಯ ಗೌನಿಗೆ ಚೀಟಿ ಕಟ್ಟತೊಡಗಿದಳು. ಚೀಟಿಯ ಮೇಲೆ ಓರಗಿತ್ತಿಯ ಹೆಸರು. ತನ್ನ ಜೋಡಿಗಂಟುಗಳಿಗೆ ಅವಳ ಹೆಸರೇ! ಹೊಗಳಿಕೆ ತಪ್ಪಿದರೆ ಸಹಿಸಬಹುದು, ಇದನ್ನು ಸಹಿಸುವುದೆಂತು?

"ಬಿಚ್ಚಮ್ಮಾ ಅದನ್ನ! ಅದು ನನ್ನದು."

"ಆದ್ರೆ ನೀವೇ ಹೇಳಿದ್ರಿ, ಕೈ ಸಡಿಲ ಅಂತ…"

"ಸಡಿಲ ಅಲ್ಲ." ಆಕೆ ತಜ್ಞರ ಕಡೆ ಬೆರಳು ಮಾಡಿದಳು. "ಇವರು ಏನೋ ಅಂದ್ರಲ್ಲ, ಸ್ವಾತಂತ್ರ್ಯ. ಅದು."

ತಜ್ಞರು ತಲೆಬಾಗಿದರು. ಅಧಿಕಾರಿ ಮಾತ್ರ ಬಾಗಲಿಲ್ಲ. ಪೆಟ್ಟಿಗೆಯ ಅಳತೆ ನಡುವಿನ ಗೌನಿಗೆ ಆಗಿಹೋಗಿತ್ತು. ಹೆಸರನ್ನಷ್ಟೇ ಬದಲಿಸಿದರು.

"ಹಾಗಿದ್ರೆ ನಾನು ಹೊಗಳಿದ್ದನ್ನ ಅಳಿಸಿಬಿಡು, ಮಗಳೇ."

"ಅಯ್ಯೋ ಅಜ್ಜಿ, ಈಗಂತೂ ಅಳಿಸೋದೇ ಇಲ್ಲ. ಇನ್ನೊಬ್ಬರ ಕೆಲಸಾನ ಯಾರು ಹೀಗೆ ಹೊಗಳ್ತಾರೆ!"

ಕೊಕ್ಕೆಯಮ್ಮ ಮನೆಗೆ ಬಂದಾಗ ಓರಗಿತ್ತಿ ಮೊಣಕಾಲು ನೀವಿಕೊಳ್ಳುತ್ತ ಮೆಟ್ಟಿಲಿನ ಬುಡದಲ್ಲೇ ಕೂತಿದ್ದಳು. ಮಧ್ಯಾಹ್ನದಿಂದ ಕೂತಿದ್ದಳೆಂದು ಹೇಳಲಿಲ್ಲ. ಪಕ್ಕದಲ್ಲಿ ಖಾಲಿ ಲೋಟವಿತ್ತು.

"ಏನಾಯ್ತೇ?"

"ಆಗೋದೇನು, ನಿಂದು ಗಾಜಿನ ಪೆಟ್ಟಿಗೇಲಿ ಕೂತಿದೆ."

ಓರಗಿತ್ತಿ ಖಾಲಿ ಲೋಟವನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಆಮೇಲೆ, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದಳು. "ಮುಖ ಹೇಗಿತ್ತು? ಚೆನ್ನಾಗಿತ್ತಾ?"

"ಅಲ್ಲೊಂದು ಗುಂಡಿ ಇಡ್ತಾರೆ. ಒತ್ತಿದ್ರೆ ಹೇಳುತ್ತಂತೆ. ಆಟೋ ಮಾಡಿಸ್ತೀನಿ, ಹೋಗಿ ಕೇಳ್ಕೊ."

"ಹೇಳೋದು ಯಾರೇ?"

"ಯಾರೋ ಒಬ್ಬಳು ಮುದುಕಿ," ಎನ್ನುತ್ತ ಕೊಕ್ಕೆಯಮ್ಮ ಅವಳನ್ನು ದಾಟಿ, ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದಳು. "ಮುಂದೆ ಹಿಂದೆ ನೋಡ್ದೆ ಬಾಯಿಗೆ ಬಂದದ್ದೆಲ್ಲ ಒದರಿಬಿಟ್ಟಿದಾಳೆ. ಅದನ್ನೆಲ್ಲ ನೀನು ನಿಜ ಅಂತ ತಲೆಗೆ ಹಚ್ಕೊಂಡು, ನಾಳೆಯಿಂದ ನನ್ನ ಮುಂದೆ ಮೆರೀಬೇಡ."