ಚಂಪಕಮ್ಮ ಹುಟ್ಟಿಸಿದ ಕೊಳ

ಚಂಪಕಮ್ಮನಿಗೆ ಹಿಮದ ಹುಚ್ಚು ಹಿಡಿದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ತಿರುಮಕೂಡಲು ನರಸೀಪುರದ ನಮ್ಮ ಬೀದಿಗೆ ನಾನು ಸೊಸೆಯಾಗಿ ಬಂದಾಗಲೇ, ಪಕ್ಕದ ಮನೆಯ ಈ ಮಹರಾಯಿತಿ ಐಸ್‌ಕ್ಯಾಂಡಿ ಗಾಡಿ ಬಂದರೆ ಸಾಕು, ಡಬ್ಬದೊಳಗೆ ಕೈಯಿಟ್ಟು ನಿಂತುಬಿಡುತ್ತಿದ್ದಳು. ಕೊಳ್ಳುವುದು ಮಾತ್ರ ಇಲ್ಲ. ಗಾಡಿಯವನು ಬೈದರೆ, ಸಾಯುವುದರೊಳಗೆ ಒಂದು ಸಲ ನಿಜವಾದ ಹಿಮ ಮುಟ್ಟಬೇಕಪ್ಪ, ಅಲ್ಲಿಯವರೆಗೆ ನಿನ್ನ ಡಬ್ಬವೇ ಗತಿ ಎನ್ನುತ್ತಿದ್ದಳು.

ಅವಳ ಗಂಡ ಅನಂತಪದ್ಮನಾಭ ಮೇಷ್ಟ್ರು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರು, ಮೈಸೂರು ದಾಟಿದವರಲ್ಲ. ಎಲ್ಲಿಗೆ ಕರೆದರೂ ಒಂದೇ ಮಾತು. ನಮ್ಮ ಊರು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು, ಗುಂಜಾ ನರಸಿಂಹಸ್ವಾಮಿಯೇ ಗುಲಗಂಜಿ ಹಿಡಿದು ತೋರಿಸುತ್ತಿದ್ದಾನೆ, ಇನ್ನು ಬೇರೆ ಊರು ಯಾಕೆ? ಕಾಶಿಯ ಮಾತಾದರೆ ಸರಿ, ಊಟಿಗೂ ಅದೇ ಗುಲಗಂಜಿಯೇ? ಗೋಡೆಯ ಈಚೆ ಕೂತು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಆದರೆ ಇದ್ದದ್ದು ಹೇಳಬೇಕು. ಗೊತ್ತಿಲ್ಲದ್ದನ್ನು ಗೊತ್ತು ಎಂದು ಆ ಮನುಷ್ಯ ಒಂದು ದಿನವೂ ಹೇಳಿದವರಲ್ಲ. ಮೇಷ್ಟ್ರು ಹೇಳಿದರೆಂದರೆ ಊರಿಗೆ ಊರೇ ನಂಬುತ್ತಿತ್ತು.

೧೯೮೨ರ ಬೇಸಿಗೆಯ ಕೊನೆಗೆ ನಂಜನಗೂಡಿನ ನಿಂಗರಾಜು ಯಾತ್ರೆಯ ಬಸ್ಸು ಹೊರಡಿಸಿದ. ಕಾಶಿ, ಹರಿದ್ವಾರ, ಕುರುಕ್ಷೇತ್ರ, ಕೊನೆಗೆ ಹಿಮಾಲಯದ ಮಣಿಕರ್ಣ. ಮಡಿಯಲ್ಲಿ ಅಡುಗೆ ಮಾಡುವವರು ಬೇಕಿತ್ತು. ಚಂಪಕಮ್ಮ ಗಂಡನನ್ನು ಕೇಳದೆಯೇ ಒಪ್ಪಿಕೊಂಡು ಬಂದಳು; ತರಕಾರಿ ಹೆಚ್ಚಲು ನನ್ನನ್ನೂ ಎಳೆದಳು. ಮೇಷ್ಟ್ರು ಎರಡು ದಿನ ಗುಲಗಂಜಿ ಎಂದರು. ಮೂರನೆಯ ದಿನ, ಮನೆಯಲ್ಲಿ ಅನ್ನ ಬೇಯಿಸಲು ಯಾರೂ ಇರುವುದಿಲ್ಲ ಎಂಬುದು ಹೊಳೆದು, ತಾವೂ ಬ್ಯಾಗು ತಂದು ಬಸ್ಸಿನಲ್ಲಿಟ್ಟರು.

ಮಣಿಕರ್ಣದಲ್ಲಿ ನೆಲದಿಂದಲೇ ಕುದಿಯುವ ನೀರು ಉಕ್ಕುತ್ತದೆ. ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟರೆ ಅನ್ನ. ಸೌದೆಯಿಲ್ಲ, ಹೊಗೆಯಿಲ್ಲ, ಕಣ್ಣುರಿಯಿಲ್ಲ. ನಲವತ್ತು ಜನರ ಅಡುಗೆ ಹೀಗೆ ಸುಮ್ಮನೆ ಮುಗಿದುಹೋಗಿ, ಚಂಪಕಮ್ಮ ಎಂದೂ ಇಲ್ಲದ ಹಾಗೆ ಕೈಕಟ್ಟಿ ಕೂತು ತಲೆಯೆತ್ತಿದಳು. ದೂರದ ಬೆಟ್ಟದ ನೆತ್ತಿ ಬೆಳ್ಳಗಿತ್ತು. ಎದ್ದವಳೇ ನಮ್ಮ ಬಸ್ಸಿನ ಡ್ರೈವರ್, ಕವಲಂದೆಯ ಮರಿಸ್ವಾಮಿಯ ಹತ್ತಿರ ಓಡಿದಳು.

"ಈ ಬೆಟ್ಟಕ್ಕೆ ದಾರಿ ಇಲ್ಲ ಕಣವ್ವ," ಎಂದ ಅವನು. "ಆಚೆ ಕಡೆ ಬ್ಯಾಸ್ ಅನ್ನೋ ಒಳೆ ಉಟ್ಟೋ ತಾವ್ಗೆ ರಸ್ತೆ ಐತಂತೆ. ಇಮದ ಮೇಲೇ ಓಡಾಡ್ಬೋದಂತೆ. ಆದ್ರೆ ಒಂದು ದಿನ ಎಚ್ಚಾಯ್ತದೆ, ಜನ ಒಪ್ಪಬೇಕಲ್ಲ."

ಜನ ಒಪ್ಪಲಿಲ್ಲ. ನಮ್ಮಲ್ಲೆಲ್ಲ ಹಿರಿಯರು ಸೋಸಲೆಯ ಭಾಗೀರಥಮ್ಮ. ಅಲ್ಲಿ ದೇವರೂ ಇಲ್ಲ ದಿಂಡರೂ ಇಲ್ಲ, ಬರಿಯ ಚಳಿ, ನಾಳೆ ಬಸ್ಸು ಊರ ಕಡೆ ತಿರುಗಲಿ ಎಂದು ಅವರು ತೀರ್ಮಾನ ಕೊಟ್ಟರು. ಚಂಪಕಮ್ಮನ ಮುಖ ಸಣ್ಣದಾಯಿತು. ಮರುಕ್ಷಣವೇ ಅವಳು ದನಿ ಎತ್ತಿದಳು. ಬ್ಯಾಸ್ ಎಂದರೆ ಏನೆಂದುಕೊಂಡಿರಿ, ಸಾಕ್ಷಾತ್ ವ್ಯಾಸರು! ಈ ಕಡೆಯವರ ಬಾಯಿಗೆ ವಕಾರ ಬರುವುದಿಲ್ಲ, ವನಕ್ಕೆ ಬನ್ ಎನ್ನುತ್ತಾರೆ, ವ್ಯಾಸರನ್ನು ಬ್ಯಾಸ್ ಮಾಡಿದ್ದಾರೆ. ಹಿಮದ ನಡುವೆ ವ್ಯಾಸರು ತಪಸ್ಸಿಗೆ ಕೂತ ಕೊಳವೇ ಇದೆ. ಅವಳು ಸುಳ್ಳು ಹೇಳುವಾಗ ದನಿ ಪುರಾಣ ಓದುವವರ ಹಾಗೆ ಏರುತ್ತದೆ, ಅದು ನನಗೆ ಗೊತ್ತು. ಕೊಳ ಆಗ ತಾನೇ ಅವಳ ಬಾಯಲ್ಲಿ ಹುಟ್ಟಿತ್ತು.

ಬಸ್ಸಿನಲ್ಲಿದ್ದವರು ಮುಕ್ಕಾಲು ಪಾಲು ಸೋಸಲೆಯ ವ್ಯಾಸರಾಜ ಮಠದ ಶಿಷ್ಯರು. ವ್ಯಾಸರ ಹೆಸರು ಕಿವಿಗೆ ಬಿದ್ದದ್ದೇ ಎಲ್ಲರೂ ನೆಟ್ಟಗೆ ಕೂತರು. ಭಾಗೀರಥಮ್ಮ ಮಾತ್ರ ಅಷ್ಟು ಸುಲಭದವರಲ್ಲ. "ಮೇಷ್ಟ್ರೇ, ನಿಜವೋ ಸುಳ್ಳೋ ನೀವು ಹೇಳಿಬಿಡಿ. ನೀವು ಹೇಳಿದ ಹಾಗೇ ಆಗಲಿ," ಎಂದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆ ನದಿಗೆ ಹಳೆಯ ಹೆಸರು ವಿಪಾಶಾ, ಬ್ಯಾಸ್ ಎಂಬುದು ಬಂದದ್ದು ಅದರಿಂದ ಎಂದು ಅವರು ಹುಡುಗರಿಗೆ ಉರು ಹೊಡೆಸುತ್ತಿದ್ದುದನ್ನು ನಾನೇ ಕೇಳಿದ್ದೆ. ಸತ್ತೇ ಹೋದೆವು ಎಂದುಕೊಂಡೆ. ಚಂಪಕಮ್ಮ ನೆಲ ನೋಡುತ್ತಿದ್ದಳು.

"ಕೊಳ ಇದೆ," ಎಂದರು ಮೇಷ್ಟ್ರು. "ಪುಸ್ತಕದಲ್ಲಿ ಓದಿದ್ದೀನಿ."

ಆ ನದಿ ಹುಟ್ಟುವ ರೋಹ್ತಂಗ್‌ಗೆ ಹತ್ತುವ ದಾರಿಯಲ್ಲಿ ಎಷ್ಟು ತಿರುವು ಎಂದು ನನ್ನನ್ನು ಕೇಳಬೇಡಿ, ವಾಂತಿಯಲ್ಲಿ ನಾನು ಕಿಟಕಿಯಿಂದ ತಲೆ ಒಳಗೆ ಎಳೆದುಕೊಂಡದ್ದೇ ಇಲ್ಲ. ಮೇಲೆ ಹೋಗಿ ಬಸ್ಸು ನಿಂತಾಗ ಕಣ್ಣು ಬಿಟ್ಟರೆ ಎತ್ತ ನೋಡಿದರೂ ಬಿಳುಪು. ಚಂಪಕಮ್ಮ ಇಳಿಯಲಿಲ್ಲ, ಹಾರಿದಳು. ಐವತ್ತು ದಾಟಿದ ಹೆಂಗಸು ಹಿಮವನ್ನು ಬಾಚಿ ಕೆನ್ನೆಗೆ ಒತ್ತಿಕೊಂಡಳು, ತಿಂದಳು, ನಗುತ್ತ ನನ್ನ ರವಿಕೆಯ ಬೆನ್ನೊಳಗೂ ಒಂದು ಹಿಡಿ ತುರುಕಿದಳು. ನಿನ್ನ ಮನೆ ಹಾಳಾಗ ಎಂದು ಬೈದೆ. ಬೈಯುತ್ತಲೇ ನಾನೂ ನಗುತ್ತಿದ್ದೆ.

ಅಷ್ಟರಲ್ಲಿ ಭಾಗೀರಥಮ್ಮ ಕೊಳ ಎಲ್ಲಿ ಎಂದರು. ಗಂಡ ಹೆಂಡತಿ ಇಬ್ಬರ ಮುಖದಲ್ಲೂ ರಕ್ತವಿಲ್ಲ. ವ್ಯಾಸರು, ವ್ಯಾಸರು ಎಂದು ನಮ್ಮವರು ಹುಡುಕಾಡುವುದನ್ನು ಕೇಳಿದ ಚಹದ ಅಂಗಡಿಯ ಮುದುಕ, ಬ್ಯಾಸ್ ರಿಷಿ, ಬ್ಯಾಸ್ ಕುಂಡ್ ಎನ್ನುತ್ತ ಕೈ ತೋರಿಸಿದ. ಹೋಗಿ ನೋಡಿದರೆ ಕಲ್ಲು ಕಟ್ಟಿದ ಒಂದು ಪುಟ್ಟ ಕೊಳ, ಒಳಗೆ ಕೊರೆಯುವ ನೀರು. ನಲವತ್ತು ಜನ ಅಡ್ಡಬಿದ್ದರು. ಮೇಷ್ಟ್ರು ಮಾತ್ರ ಬಾಯಿ ತೆರೆದುಕೊಂಡು ನಿಂತೇ ಇದ್ದರು.

"ಪುಸ್ತಕದಲ್ಲಿ ನಿಜವಾಗ್ಲೂ ಇತ್ತೇನ್ರೀ?" ಎಂದಳು ಚಂಪಕಮ್ಮ ಮೆಲ್ಲಗೆ.

"ಯಾವ ಪುಸ್ತಕದಲ್ಲೂ ಇರ್ಲಿಲ್ಲ ಕಣೇ. ನೀನು ಸುಳ್ಳು ಹೇಳ್ತಿದೀಯ ಅಂತ ಗೊತ್ತಿತ್ತು. ಇಲ್ಲ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದಳು. ಬಂದಾಗ ಕೈಯಲ್ಲಿ ಅನ್ನ ಹರವುವ ದೊಡ್ಡ ಹರಿವಾಣ. ಇಳಿಜಾರಿನ ಅಂಚಿನಲ್ಲಿ ಅದನ್ನಿಟ್ಟು, ಸೀರೆ ಮುದುರಿ ಕೂತು, ಹಿಂದೆ ಒಂದಿಷ್ಟು ಜಾಗ ಬಿಟ್ಟು ಗಂಡನ ಕಡೆ ನೋಡಿದಳು. ಮಡಿ ಪಾತ್ರೆ ಕಣೇ ಎಂದು ಭಾಗೀರಥಮ್ಮ ಕೂಗಿಕೊಂಡರು. ನಾಲ್ಕು ಜನರೆದುರು ಹೆಂಡತಿಯ ಹೆಸರು ಹಿಡಿದೂ ಕರೆಯದ ಮೇಷ್ಟ್ರು ಕಚ್ಚೆ ಬಿಗಿದು ಹೋಗಿ ಕೂತರು, ಅವಳ ಸೊಂಟ ತಬ್ಬಿ ಹಿಡಿದರು. ಮರಿಸ್ವಾಮಿ ನೂಕಿದ.

ಕೆಳಗೆ ಇಬ್ಬರೂ ಉರುಳಿಬಿದ್ದರು. ಮೊದಲು ಎದ್ದವರು ಮೇಷ್ಟ್ರು. ಪಂಚೆಯ ಹಿಮವನ್ನೂ ಕೊಡವದೆ, ಒಂದು ಕೈಯಲ್ಲಿ ಹರಿವಾಣ, ಇನ್ನೊಂದರಲ್ಲಿ ಹೆಂಡತಿಯ ಕೈ ಹಿಡಿದುಕೊಂಡು ಮತ್ತೆ ಮೇಲಕ್ಕೆ ಹತ್ತತೊಡಗಿದರು.